ಗಾದೆಮ್ಮನ ಬಲಗಿವಿ

ಎರಡನೆಯ ಬಿಲ್ಲೂ ನನ್ನ ಕೈಯಲ್ಲೇ ಮುರಿದಾಗ ನಾನು ಕಟ್ಟಿಗೆಯನ್ನು ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ. ಕೂಡ್ಲಿಗಿಯ ಕೊಟ್ಟೂರು ರಸ್ತೆಯಲ್ಲಿ ನನ್ನ ಬಡಗಿ ಅಂಗಡಿ. ಈ ಮೌನೇಶಾಚಾರಿ ಕೂಡಿಸಿದ ಬಾಗಿಲ ಸಂದಿಯಲ್ಲಿ ಇರುವೆ ತೂರುವುದಿಲ್ಲ ಎಂಬ ಮಾತಿತ್ತು. ಆ ಮಾತನ್ನು ಹೆಚ್ಚಾಗಿ ಹೇಳುತ್ತಿದ್ದವನು ನಾನೇ.

ಇದು ತೊಂಬತ್ತೆಂಟನೆಯ ಇಸವಿಯ ಸಂಗತಿ. ಬಿಲ್ಲು ಬೇಕೆಂದು ಬಂದವರು ಗುಡೇಕೋಟೆ ಕಡೆಯ ಹಟ್ಟಿಯೊಂದರ ಹಿರಿಯರು, ಪಾಲಾಕ್ಷಪ್ಪ. ಬೇಟೆಗಾರರ ವಂಶ. ಬೇಟೆ ನಿಂತು ಎಷ್ಟೋ ಕಾಲವಾಗಿದ್ದರೂ ಯುಗಾದಿಯ ಮರುದಿನ ಗುಡ್ಡದ ದೇವರ ಕಡೆಗೆ ಒಂದು ಬಾಣ ಬಿಡದೆ ಆ ಹಟ್ಟಿಯಲ್ಲಿ ನೇಗಿಲು ಹೊಲಕ್ಕೆ ಇಳಿಯುವುದಿಲ್ಲ. ಹಳೆಯ ಬಿಲ್ಲಿಗೆ ಹುಳ ಬಿದ್ದಿತ್ತು. ಬಿಲ್ಲು ಮಾಡುತ್ತಿದ್ದ ಯರ್ರೆಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅವನು ಗುಡ್ಡದಲ್ಲಿ ಕಡಿದು ತಂದು, ಒಲೆಯ ಮೇಲಿನ ಅಟ್ಟದ ಹೊಗೆಯಲ್ಲಿ ಏಳು ವರ್ಷ ಒಣಗಿಸಿದ್ದ ದಿಂಡಿಗದ ಮೂರು ಸೀಳು ಮಾತ್ರ ಉಳಿದಿದ್ದವು. ದಿಂಡಿಗವೆಂದರೆ ಗಾಡಿಯ ಅಚ್ಚಿಗೆ ಹಾಕುವ ಮರ, ಮೊಳೆ ಬಾಗೀತು, ಅದು ಜಗ್ಗದು. ಮೂರರಲ್ಲಿ ಎರಡನ್ನು ನಾನು ಹಾಳು ಮಾಡಿದ್ದೆ. ಮೂರನೆಯದೂ ಹೋದರೆ ಮತ್ತೆ ಏಳು ವರ್ಷ ಬಿಲ್ಲಿಲ್ಲ.

ಆ ಮೂರನೆಯದನ್ನು ಹೆಗಲ ಮೇಲಿಟ್ಟುಕೊಂಡು ಮರುದಿನ ಬಸ್ಸಿಳಿದು ಬಂದವಳು ಯರ್ರೆಪ್ಪನ ಹೆಂಡತಿ ಗಾದೆಮ್ಮ. ಎಪ್ಪತ್ತರ ಹತ್ತಿರದ ಮುದುಕಿ. ನಾನು ಮುರಿದ ತುಂಡುಗಳನ್ನು ತರಿಸಿ, ಮುರಿದ ಬಾಯಿಗೆ ಬೆರಳಿಟ್ಟು ತಡವಿದಳು. ಅಡಿಪಟ್ಟಿ ಇಟ್ಟು ರಂದ ಹೊಡೆದಿದ್ದೇನೆ, ಬಿಲ್ಲಿನ ಎರಡೂ ತೋಳಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದು ನಾನು ಜಂಬ ಕೊಚ್ಚಿದೆ.

“ಅಳತಿ ನಿಂದಪ್ಪ. ಕಟ್ಟಿಗೀನ ಕೇಳಿದ್ಯೇನು?” ಅಂದಳು.

ಬಿಲ್ಲು ಮಾಡುತ್ತಿದ್ದವನು ನಿನ್ನ ಗಂಡ, ನಿನಗೇನು ಗೊತ್ತು ಎಂದು ರೇಗಿದೆ. ಆಕೆ ಮುಖ ತುಸು ತಿರುಗಿಸಿ ಎಡಗಿವಿಯನ್ನು ನನ್ನ ಕಡೆ ಮಾಡಿದಳು. ಆ ಕಿವಿ ಪೂರ್ತಿ ಕಿವುಡೆಂದು ಆಮೇಲೆ ತಿಳಿಯಿತು. ಬೇಡದ ಮಾತುಗಳನ್ನೆಲ್ಲ ಆಕೆ ಅದಕ್ಕೇ ಹಾಕಿಕೊಳ್ಳುತ್ತಿದ್ದಳು.

ತೊಗಟೆಯ ಕಡೆಗೆ ಉಳಿ ಸೋಕಿಸಬೇಡ, ಅದು ಮರದ ಚರ್ಮ ಎಂದಳು. ಒಳಮೈಯನ್ನು ಬಾಚಿಯಿಂದ ಕೆತ್ತಿಸಿದಳು. ಕತ್ತಾಳೆ ನಾರಿನ ಹೆದೆಯನ್ನು ಸಡಿಲವಾಗಿ ಕಟ್ಟಿಸಿ, ಬಿಲ್ಲಿನ ನಡುವನ್ನು ಅಂಗಡಿಯ ಕಂಬಕ್ಕೆ ಬಿಗಿಸಿ, ಹೆದೆಯನ್ನು ಒಂದು ಗೇಣು ಎಳೆಯಲು ಹೇಳಿದಳು. ತಾನು ಬಗ್ಗಿ ಬಲಗಿವಿಯನ್ನು ಕಟ್ಟಿಗೆಗೆ ಹಚ್ಚಿದಳು. ನಾನು ಮೆಲ್ಲಗೆ ಎಳೆದೆ. ಆಕೆ ತಡಿ ಎಂದು ಒಂದು ಕಡೆ ಉಗುರಿನಿಂದ ಗೀರಿದಳು. ಅಲ್ಲಿ ಕಟ್ಟಿಗೆ ಅಳುತ್ತಿದೆಯಂತೆ. ನನಗೆ ಎದುರಿನ ಹಿಟ್ಟಿನ ಗಿರಣಿಯ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಆದರೂ ಗಾಜಿನ ಚೂರು ಹಿಡಿದು ಅಲ್ಲೇ ಕೆರೆಯಲು ಹೋದೆ. ಕೈ ಮೇಲೆ ಪಟ್ಟನೆ ಹೊಡೆದಳು.

“ಅಳೋದನ್ನ ಮುಟ್ಟಬ್ಯಾಡ. ಅದರ ಆಚಿ ಈಚಿ ಸುಮ್ಮನ ಕುಂತೈತಲ್ಲ, ಅದನ್ನ ಕೆರಿ. ಅದೂ ಬಗ್ಗಲಿ. ಒಂದ ಕಡಿ ಎಷ್ಟಂತ ಹೊರತೈತಿ?”

ಹೀಗೆ ನಾಲ್ಕು ದಿನ ನಡೆಯಿತು. ಒಂದೊಂದು ಬೆರಳು ಹೆಚ್ಚಿಗೆ ಎಳೆಯುವುದು, ಆಕೆ ಕೇಳುವುದು, ನಾನು ಕೆರೆಯುವುದು. ಎರಡನೆಯ ದಿನ ನನ್ನ ಕೆಟ್ಟ ಬುದ್ಧಿ ಸುಮ್ಮನಿರಲಿಲ್ಲ. ಒಂದು ಕಡೆ ಕೆರೆದಂತೆ ಬರೀ ಸದ್ದು ಮಾಡಿ, ಆಯಿತು ಎಂದೆ. ಎಳೆದೆ. ಗಾದೆಮ್ಮ ಅದೇ ಜಾಗದ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿ ಈ ಸಲ ನಿಜವಾಗಿ ಕೆರೆದೆ. ಮೂವತ್ತು ವರ್ಷ ಮರದ ಜೊತೆ ಬದುಕಿದವನು ನಾನು. ಅದಕ್ಕೊಂದು ಗಂಟಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕೈ ಮಾತ್ರ ಯರ್ರೆಪ್ಪನದು, ಬಿಲ್ಲು ಇಬ್ಬರದು ಎಂಬುದು ಆ ಹಟ್ಟಿಯಲ್ಲೂ ಯಾರಿಗೂ ಹೊಳೆದಿರಲಿಲ್ಲ. ಯಾರೂ ಆಕೆಯನ್ನು ಕೇಳಿರಲೂ ಇಲ್ಲ.

ನಾಲ್ಕನೆಯ ದಿನ ಬಿಲ್ಲನ್ನು ಪೂರ್ತಿ ಎಳೆಯುವ ಹೊತ್ತು. ನನ್ನ ಹಿಂದಿನ ಎರಡೂ ಮುರಿದದ್ದು ಆಗಲೇ. ಚೂರುಗಳು ಹಾರಿ ಗೋಡೆಯ ಗಾರೆ ಕಿತ್ತಿದ್ದವು. ದೂರ ನಿಲ್ಲು ಎಂದು ಆಕೆಗೆ ಹೇಳಿದೆ. ಆಕೆ ಬಂದು ಬಲಗಿವಿಯನ್ನು ಕಟ್ಟಿಗೆಗೆ ಹಚ್ಚಿಯೇ ಬಿಟ್ಟಳು.

“ಎಡಗಿವಿ ಹೆಂಗ ಹೋತು ಅಂತ ತಿಳಕೊಂಡಿ? ಮದಿವಿ ಆದ ವರ್ಷ ಹಿಂಗ ಕೇಳ್ತಿದ್ದೆ, ಬಿಲ್ಲು ಮುರದು ಬಡೀತು. ಆವಾಗಿಂದ ಈ ಕಿವಿ ಇಡ್ತೀನಿ. ಒಂದೂ ಮುರದಿಲ್ಲ. ಎಳಿ.”

ಇದು ಮುರಿದರೆ ಬಿಲ್ಲೊಂದೇ ಹೋಗುವುದಿಲ್ಲ, ಈ ಮುದುಕಿಗೆ ಲೋಕದ ಸದ್ದೇ ಮುಗಿಯುತ್ತದೆ. ಬೇಡ ಯಮ್ಮಾ ಎಂದೆ. ಆಕೆ ಕಣ್ಣು ಮುಚ್ಚಿದಳು. ಎಳೆದೆ. ಎರಡು ಗೇಣು, ಎರಡೂವರೆ, ಹೆದೆ ನನ್ನ ಗಲ್ಲಕ್ಕೆ ಬಂದು ಮುಟ್ಟಿತು. ಗಾಡಿಯ ಅಚ್ಚಿನ ಮರ ಹಸಿ ಬೆತ್ತದಂತೆ ಬಾಗಿ ನಿಂತಿತ್ತು. ನನ್ನ ಕಣ್ಣಲ್ಲಿ ನೀರು ತುಂಬಿತು.

“ಈಗ ಎಲ್ಲಾ ಕೂಡಿ ಹೊತ್ತಾವ,” ಎಂದಳು ಗಾದೆಮ್ಮ.

ಯುಗಾದಿಯ ಮರುದಿನ ಹಟ್ಟಿಯಲ್ಲಿ ಪಾಲಾಕ್ಷಪ್ಪನವರು ನನ್ನ ಕೊರಳಿಗೆ ಹೂವಿನ ಹಾರ ಹಾಕಿದರು. ಅದನ್ನು ತೆಗೆದು ಗಾದೆಮ್ಮನಿಗೆ ಹಾಕಿ, ನಡೆದದ್ದನ್ನೆಲ್ಲ ಹೇಳಿದೆ. ಜನ ಸುತ್ತುವರಿದು ಹೊಗಳತೊಡಗಿದರು. ಆಕೆ ಮೆಲ್ಲಗೆ ತಿರುಗಿ ಅವರಿಗೆ ಎಡಗಿವಿ ಕೊಟ್ಟಳು.

ಪಾಲಾಕ್ಷಪ್ಪನವರು ಬಾಣ ಬಿಟ್ಟರು. ಅದು ಎಲ್ಲಿ ಬಿತ್ತೆಂದು ಎಲ್ಲರೂ ಗುಡ್ಡದ ಕಡೆ ನೋಡಿದರು. ಗಾದೆಮ್ಮ ಬಲಗಿವಿಯನ್ನು ಬಿಲ್ಲಿನ ಕಡೆ ಮಾಡಿ ನಿಂತಿದ್ದಳು. ನಾನು ಆಕೆಯ ಮುಖವನ್ನೇ ನೋಡುತ್ತಿದ್ದೆ.