ಹೋಗಿ ಬಾ ಎಂದ ತಪ್ಪು

ಚಿಲಕಕ್ಕೆ ಬೇವಿನ ಸೊಪ್ಪು ಸಿಕ್ಕಿಸಿದ ಬಾಗಿಲನ್ನು ಆ ಬೀದಿಯಲ್ಲಿ ಯಾರೂ ತಟ್ಟುತ್ತಿರಲಿಲ್ಲ. ಆ ವರ್ಷ ಸೊಪ್ಪು ನಮ್ಮ ಬಾಗಿಲಿಗೂ ಬಂತು. ಎಂಟು ವರ್ಷದ ನನ್ನ ಹಿರಿಮಗಳು ಹೊನ್ನಿಯ ಬೆನ್ನ ಮೇಲೆ ನೀರ್ಗುಳ್ಳೆಗಳೆದ್ದಿದ್ದವು.

"ಅಮ್ಮ ಬಂದವ್ಳೆ," ಎಂದು ಪಕ್ಕದ ಮನೆಯ ದ್ಯಾವಮ್ಮಜ್ಜಿ ಮಗುವಿಗೇ ಕೈಮುಗಿದಳು. "ಗದರಬ್ಯಾಡ ಕಣೆ. ಮನೇಲಿ ಒಗ್ಗರಣೆ ಚುಯ್ ಅನ್ನಬಾರ್ದು."

"ನನ್ನ ಕೆಲಸವೇ ಒಗ್ಗರಣೆ ಹಾಕೋದಲ್ವಾ ಅಜ್ಜಿ?"

"ಹೋಟ್ಲಲ್ಲಿ ಹಾಕು. ಹೊಸಿಲು ದಾಟೋ ಮುಂಚೆ ತಲೆ ಮ್ಯಾಲೆ ನೀರು ಸುರ್ಕೊ."

ನಮ್ಮದು ಗಂಡು ದಿಕ್ಕಿಲ್ಲದ ಮನೆ. ನಾನು ಊಟದ ಹೋಟೆಲೊಂದರಲ್ಲಿ ಅಡುಗೆಗಿದ್ದೆ. ಬಂದು ನೋಡಿದ ಡಾಕ್ಟರು, "ದೊಡ್ಡವಳಿಗೆ ಭಯವಿಲ್ಲ, ಚಿಕ್ಕದಕ್ಕೆ ಅಂಟದ ಹಾಗೆ ನೋಡ್ಕೊಳ್ಳಿ. ಅದರ ಮೈಯಲ್ಲಿ ತಡೆಯೋ ಶಕ್ತಿ ಇಲ್ಲ," ಎಂದರು. ಚಿಕ್ಕದೆಂದರೆ ಎರಡು ವರ್ಷದ ಮುದ್ದಿ. ಹುಟ್ಟಿದಾಗಿನಿಂದ ಕಡ್ಡಿಯಂಥ ಕೂಸು. ಅದನ್ನು ಅಜ್ಜಿ ತನ್ನ ಮನೆಗೆ ಎತ್ತಿಕೊಂಡು ಹೋದಳು.

ಹೋಟೆಲಿಗೆ ಬರುತ್ತಿದ್ದ ಮೇಷ್ಟರೊಬ್ಬರು ದೇವರು ಒಬ್ಬನೇ ಎಂದು ಊಟದ ಮಧ್ಯೆ ವಾದಿಸುತ್ತಿದ್ದರು. "ಒಬ್ಬನೇ ಆದ್ರೆ ಪಾಪ, ಅವನ ಪಾಡೇನು ಮೇಷ್ಟ್ರೇ?" ಎಂದು ಕೇಳಿದ್ದೆ. ಎಲ್ಲರೂ ನಕ್ಕರು. ನಾನು ತಮಾಷೆಗೆ ಕೇಳಿರಲಿಲ್ಲ. ನೀರು, ಸೌದೆ, ಮಕ್ಕಳು, ಕೂಲಿ ಎಲ್ಲವನ್ನೂ ಒಬ್ಬಳೇ ಹೊರುವುದೆಂದರೇನೆಂದು ನನ್ನ ಸೊಂಟಕ್ಕೆ ಗೊತ್ತಿತ್ತು. ಒಲೆಗೊಬ್ಬಳು, ಬಾವಿಗೊಬ್ಬಳು, ಊರ ಗಡಿಗೊಬ್ಬಳು, ಹೀಗೆ ಕೆಲಸ ಹಂಚಿಕೊಂಡ ಹೆಂಗಸರಂತೆ ದೇವರುಗಳಿದ್ದಾರೆಂದು ನಂಬಿದ್ದೆ. ನಸುಕಿನಲ್ಲಿ ಒಲೆ ಹಚ್ಚುತ್ತ "ನಿಂದಾಯ್ತೇನವ್ವ ಕೆಲಸ?" ಎಂದು ಕೇಳುವುದೇ ನನ್ನ ಪೂಜೆ. ಗುಳ್ಳೆಯ ತಾಯಿಗೆ ಮಾತ್ರ ಯಾವ ಕೆಲಸವೋ, ತಿಳಿದಿರಲಿಲ್ಲ.

ಹನ್ನೊಂದನೆಯ ದಿನ ಹೊನ್ನಿಗೆ ಬೇವಿನ ನೀರು ಹುಯ್ದು, ತಾಯಿಯನ್ನು ಕಳಿಸಿಕೊಡಲು ಅಜ್ಜಿಯೂ ನಾನೂ ಊರ ಗಡಿಕಲ್ಲಿಗೆ ಹೋದೆವು. ನಿದ್ದೆಗೆಟ್ಟು ನನ್ನ ಕಣ್ಣು ಉರಿಯುತ್ತಿತ್ತು. ಮೊಸರನ್ನದ ಎಡೆಯಿಟ್ಟು ಕೈಮುಗಿದೆ.

"ಹೋಗಿ ಬಾರವ್ವ."

ಅಜ್ಜಿ ಹಣೆ ಚಚ್ಚಿಕೊಂಡಳು. "ಅಯ್ಯೋ, ನಿನ್ನ ನಾಲಿಗೆ ಸೇದೋಗ! ಬೀಗಿತ್ತಿ ಅಂದ್ಕಂಡ್ಯಾ? 'ತಣ್ಣಗೆ ಹೋಗವ್ವ' ಅನ್ಬೇಕು. ಈ ತಾಯೀನ ಯಾರಾದ್ರೂ 'ಬಾ' ಅಂತಾರಾ?"

ಯಾರಿಗೂ ಬರೀ 'ಹೋಗು' ಎನ್ನಬಾರದೆಂದು ಕಲಿತ ಬಾಯಿ, ಜಾರಿಬಿಟ್ಟಿತ್ತು. ಅಂದಿನಿಂದ ಪ್ರತಿ ಸಂಜೆ ಅಜ್ಜಿಯ ಮನೆಗೆ ಹೋಗಿ ಮುದ್ದಿಯ ಅಂಗಿ ಎತ್ತಿ ಬೆನ್ನು ನೋಡುತ್ತಿದ್ದೆ. ಸೊಳ್ಳೆ ಕಡಿದ ಗುರುತನ್ನೂ ದೀಪ ಹಿಡಿದು ಪರೀಕ್ಷಿಸುತ್ತಿದ್ದೆ. "ನಾಲಿಗೆ ನಂದು. ಬರೋದಿದ್ರೆ ನನ್ನ ಹತ್ರ ಬಾ," ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಕೆಲವು ದಿನ ಕಳೆದು, ಹೋಟೆಲಿನಲ್ಲಿ ಸಾಸಿವೆ ಸಿಡಿಸುವಾಗ ಮೈ ನಡುಗಿತು. ತೋಳ ಮೇಲೊಂದು ಬೊಬ್ಬೆ. ಎಣ್ಣೆ ಹಾರಿದ್ದೆಂದುಕೊಂಡೆ. ಕತ್ತಿನ ಹಿಂದೆ ಕೈಯಾಡಿಸಿದೆ. ಅಲ್ಲಿಗೆ ಎಣ್ಣೆ ಹಾರುವುದಿಲ್ಲ.

ಚಿಲಕಕ್ಕೆ ಈ ಸಲ ಹೊನ್ನಿ ಸೊಪ್ಪು ಸಿಕ್ಕಿಸಿದಳು. ನನ್ನನ್ನು ಕೆಲಸಕ್ಕೆ ಕರೆಯಲು ಹೋಟೆಲಿನಿಂದ ಬಂದವನು ಅದನ್ನು ಕಂಡು, ಕೈಮುಗಿದು, ಕರೆಯದೆ ಹಿಂದಿರುಗಿದ. ನನ್ನನ್ನು ಬಾಳೆಲೆಯ ಮೇಲೆ ಮಲಗಿಸಿದರು. ಮದುವೆಯಾದಾಗಿನಿಂದ ಹಗಲಿನಲ್ಲಿ ನನ್ನ ಬೆನ್ನು ನೆಲ ಕಂಡಿರಲಿಲ್ಲ.

ಅಜ್ಜಿ ಎಳನೀರು ತಂದಿಟ್ಟು ನನ್ನ ಮೈಗೆ ಕೈಮುಗಿದಳು. "ಇನ್ನೇನು ಬೇಕು ತಾಯಿ?"

"ಏನೂ ಬ್ಯಾಡ ಅಜ್ಜಿ. ಮುದ್ದಿ?"

"ಸುಮ್ಕಿರೆ ನೀನು, ನಿನ್ನ ಕೇಳಿದ್ನಾ?" ಎಂದು ಗದರಿ, ಮತ್ತೆ ದನಿ ತಗ್ಗಿಸಿದಳು. "ಮುದ್ದಿಗೆ ಒಂದು ಗುಳ್ಳೆನೂ ಇಲ್ಲ. ದಿನ ಕಳೀತು, ಇನ್ನು ಏಳಕಿಲ್ಲ."

ನಾನು ಎಳನೀರು ಕುಡಿದೆ. ನನ್ನ ಮೈಗೆ ಬಂದವಳೂ ಮನೆ ಮನೆ ಸುತ್ತಿ ದಣಿದಿದ್ದಳೇನೋ, ಅವಳನ್ನು ಯಾರೂ ಎಲ್ಲಿಯೂ ಇರು ಎಂದಿರಲಿಲ್ಲವಲ್ಲ. ಬಾಳೆಲೆ ತಣ್ಣಗಿತ್ತು. ಅವಳಿಗೂ ಜಾಗವಾಗಲೆಂದು ಸ್ವಲ್ಪ ಸರಿದು ಮಲಗಿದೆ.