ಇಬ್ಬರ ಸಹಿ ಬೇಕು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅವತ್ತಿನದು ಸುಮ್ಮಸುಮ್ಮನೆ ಬಂದ ಕೋಪವಲ್ಲ. ಶಾಂತಿಯ ಬಗ್ಗೆ ಪ್ರಬಂಧ ಸ್ಪರ್ಧೆಯಂತೆ; ತಂಗಿಯ ಮಗಳು ನಮ್ಮ ಹೊಲಿಗೆ ಅಂಗಡಿಯ ಕಥೆಯನ್ನೇ ಬರೆದಿದ್ದಳು!

ಅಂಗಡಿ ನನ್ನದೂ ತಂಗಿಯದೂ. ಬಟ್ಟೆ ಕತ್ತರಿಸುವುದು ನಾನು, ಹೊಲಿಯುವುದು ಅವಳು. ನಮ್ಮಮ್ಮನ ಹಳೆಯ ಮಿಷನನ್ನು ನನ್ನನ್ನೊಂದು ಮಾತು ಕೇಳದೆ ಅವಳು ಯಾರಿಗೋ ಕೊಟ್ಟುಬಿಟ್ಟಳು. ಅವತ್ತು ಮಾತು ಬಿಟ್ಟವರು, ಏಳು ವರ್ಷವಾಯಿತು. ತೋಳೆಷ್ಟು, ಅಂಚೆಷ್ಟು ಎಂದು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಅವಳ ಕಡೆ ತಳ್ಳುತ್ತೇನೆ. ಕೆಲಸವೇನೂ ನಿಂತಿಲ್ಲ.

"ದೊಡ್ಡಮ್ಮಾ, ಇಲ್ಲೊಂದು ಸಹಿ ಹಾಕು. ಫೈನಲ್‌ಗೆ ಬಂದಿದ್ದೀನಿ, ನಾಳೆ ಎಲ್ಲರ ಮುಂದೆ ಓದ್ಬೇಕು. ಯಾರ ವಿಷಯ ಬರೆದಿದ್ದೀವೋ ಅವರ ಸಹಿ ಇಲ್ದಿದ್ರೆ ಓದೋಕೆ ಬಿಡಲ್ಲ. ಅಮ್ಮ ಹಾಕಿದಾಳೆ."

"ಮನೆ ಮಾತು ಬೀದಿಗೆ ಹಾಕ್ತೀಯಾ? ಆಗಲ್ಲ, ಹೋಗೇ!"

ಹುಡುಗಿ ಹಾಳೆಗಳನ್ನು ಮೇಜಿನ ಮೇಲೆ ಬಿಟ್ಟು, ಕಣ್ಣೊರೆಸಿಕೊಳ್ಳುತ್ತಾ ಹೋಗಿ ಹೊರಗಿನ ಮೆಟ್ಟಿಲ ಮೇಲೆ ಕುಳಿತಳು. ಏನು ಮಹಾ ಬರೆದಿದ್ದಾಳೋ ನೋಡೋಣವೆಂದು ಓದಿದೆ.

'ನಮ್ಮ ಅಂಗಡಿಯಲ್ಲಿ ಏಳು ವರ್ಷದಿಂದ ಜಗಳವಿಲ್ಲ. ಮಾತೂ ಇಲ್ಲ. ಇದನ್ನು ಶಾಂತಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.' ಮೈಯೆಲ್ಲ ಉರಿಯಿತು. ಹರಿದುಹಾಕಬೇಕೆಂದವಳು ಮುಂದಿನ ಸಾಲಿಗೆ ನಿಂತುಬಿಟ್ಟೆ. 'ಬೇರೆ ಅಂಗಡಿಯವರು ಕತ್ತರಿಸಿ ಕಳಿಸಿದ್ದನ್ನು ಅಮ್ಮ ಎರಡು ಸಲ ಅಳೆಯುತ್ತಾಳೆ. ದೊಡ್ಡಮ್ಮ ಕತ್ತರಿಸಿದ್ದಕ್ಕೆ ಟೇಪು ಮುಟ್ಟಿದ್ದನ್ನು ನಾನು ಒಂದು ದಿನವೂ ನೋಡಿಲ್ಲ.'

ಅವಳಿಗೆ ಬೆನ್ನು ಹಾಕಿ ಕೂತ ನನಗೆ ಇದೆಲ್ಲ ಎಲ್ಲಿ ಕಾಣಬೇಕು? ಎದ್ದು ತಂಗಿಯ ಮುಂದೆ ನಿಂತೆ.

"ಏನೇ, ನಾನು ಕೊಟ್ಟಿದ್ದು ಅಳೆಯೋದೇ ಇಲ್ವಾ ನೀನು?"

ಮಿಷನ್ ಟಕ್ಕನೆ ನಿಂತಿತು. ಅವಳು ತಲೆಯೆತ್ತಲಿಲ್ಲ.

"ಯಾಕೆ ಅಳೀಬೇಕು? ಕತ್ತರಿಸಿದ್ದು ನೀನಲ್ವಾ?"

ಅವಳ ಮೇಜಿನ ಮೇಲೇ ಹಾಳೆಯಿಟ್ಟು, ಅವಳ ಸಹಿಯ ಕೆಳಗೆ ನನ್ನದನ್ನೂ ಎಳೆದೆ.

ಮರುದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿಲ್ಲ. ಹಿಂದಿನ ಸಾಲಿನಲ್ಲಿ ನಾನು, ತಂಗಿ, ನಡುವೆ ಒಂದು ಖಾಲಿ ಕುರ್ಚಿ. ಹುಡುಗಿ ಒಂದಕ್ಷರ ತಡವರಿಸದೆ ಓದಿದಳು. ಮೊದಲ ಬಹುಮಾನಕ್ಕೆ ಅವಳ ಹೆಸರು ಕರೆದದ್ದೇ ತಡ, "ನಮ್ಮ ಹುಡುಗಿ ಕಣ್ರೀ!" ಎಂದು ಕಿರುಚಿ ಎದ್ದೇ ನಿಂತೆ. ಅಬ್ಬಾ, ಎಂಥ ಚಪ್ಪಾಳೆ!

"ತಾಯಿಯವರು ವೇದಿಕೆಗೆ ಬರಬೇಕು," ಎಂದರು ಮೈಕಿನಲ್ಲಿ.

ತಂಗಿ ಬಂದು ನನ್ನ ಕೈ ಹಿಡಿದಳು. "ನಡಿ ಅಕ್ಕಾ."

"ತಾಯಿ ಅಂದ್ರು, ನನ್ನಲ್ಲ."

"ನೀನಿಲ್ದೆ ನಾನು ಹೋಗಲ್ಲ."

"ಮಿಷನ್ ಕೊಡೋವಾಗ ಈ ಬುದ್ಧಿ ಎಲ್ಲೋಗಿತ್ತೇ?"

"ತಪ್ಪಾಯ್ತು ಅಂತ ಹೇಳೋಕೆ ನೀನು ಬಾಯಿ ತೆಗೆಯೋಕೆ ಬಿಟ್ರೆ ತಾನೇ?"

ವೇದಿಕೆಯ ಮೆಟ್ಟಿಲು ಮುಟ್ಟಿದರೂ ನಮ್ಮ ಬಾಯಿ ನಿಂತಿರಲಿಲ್ಲ, ಹಿಡಿದ ಕೈಯನ್ನೂ ಬಿಟ್ಟಿರಲಿಲ್ಲ. "ಅಮ್ಮಂದಿರಾ, ಸ್ವಲ್ಪ ಸುಮ್ಮನಿರಿ," ಎಂದು ಮೈಕಿನವರು ಕೈಮುಗಿದರು. ಇಡೀ ಸಭೆ ಘೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಮ್ಮ ಹುಡುಗಿ.