ಗೋಡೆಯಿಲ್ಲದ ಬಾಗಿಲು

ಊರಿನಲ್ಲಿ ಅವಳಿಗೆ ಒಂದು ಚಿಲಕ ಕೊಳ್ಳುವ ಯೋಗವಿರಲಿಲ್ಲ. ಗಂಡನದೇ ಹಾರ್ಡ್‌ವೇರ್ ಅಂಗಡಿ. ಉಳಿದ ನಾಲ್ಕು ಅಂಗಡಿಯವರೂ ಅವನ ಸಂಘದವರೇ. "ಅಕ್ಕ ಬಂದು ಚಿಲಕ ತಗೊಂಡ್ರು" ಎಂಬ ಸುದ್ದಿ ಅವಳು ಮನೆ ಮುಟ್ಟುವ ಮೊದಲೇ ಅವನ ಕಿವಿ ಮುಟ್ಟುತ್ತಿತ್ತು. ಅವನ ಕೈ ಅವಳ ಕೆನ್ನೆ ಮುಟ್ಟಲು ಆಮೇಲೆ ಎಷ್ಟು ಹೊತ್ತು?

ಮಲಗುವ ಕೋಣೆಗೆ ಹಿಂದೆ ಒಂದು ಚಿಲಕವಿತ್ತು. ಹೋದ ವರ್ಷ ಅದನ್ನು ಒಳಗಿನಿಂದ ಹಾಕಿಕೊಂಡು ಕೂತಾಗ ಎರಡೇ ಒದೆತಕ್ಕೆ ಕಿತ್ತು ಬಂತು. ಅವನ ಅಂಗಡಿಯದೇ ಮಾಲು. ಅವತ್ತು ಮುರಿದ ಅವಳ ಮೊಣಕೈ ಈಗಲೂ ನೆಟ್ಟಗಾಗುವುದಿಲ್ಲ. ಹೊಡೆಯುವ ಮುಂಚೆ ಅವಳ ದನಿಯನ್ನು ಅಣಕಿಸುವುದು ಅವನ ಖಯಾಲಿ. "ಬೇಡ್ರೀ... ದಮ್ಮಯ್ಯ ಬೇಡ್ರೀ..." ಎಂದು ಕೀರಲು ದನಿಯಲ್ಲಿ ಅವನೇ ಹೇಳಿ ಮುಗಿಸಿಬಿಡುತ್ತಿದ್ದ. ಬೇಡಿಕೊಳ್ಳಲೂ ಅವಳ ಪಾಲಿಗೆ ಮಾತು ಉಳಿಯುತ್ತಿರಲಿಲ್ಲ.

ಹೀಗಿರುವಾಗ, ಹೆಚ್ಚು ಡಬ್ಬ ಮಾರಿದ ಅಂಗಡಿಯವರನ್ನು ಹೆಂಡಿರ ಸಮೇತ ಪರದೇಶಕ್ಕೆ ಕರೆದೊಯ್ಯುತ್ತೇವೆ ಎಂದಿತು ಬಣ್ಣದ ಕಂಪನಿ. ಉಳಿದ ಹೆಂಗಸರು ಸಮುದ್ರದ ಕನಸು ಕಂಡರು. ಇವಳಿಗೆ ಹೊಳೆದದ್ದು ಒಂದೇ: ಅಲ್ಲಿನ ಅಂಗಡಿಯವರಿಗೆ ನನ್ನ ಗಂಡ ಯಾರೆಂದು ಗೊತ್ತಿರುವುದಿಲ್ಲ.

ಗಂಡ ಗೆದ್ದ ಆ ಪ್ರವಾಸದ ಮೂರನೆಯ ದಿನ ಬಸ್ಸು ಭಾರೀ ಡಿಪಾರ್ಟ್‌ಮೆಂಟ್ ಸ್ಟೋರೊಂದರ ಮುಂದೆ ನಿಂತಿತು. ಒಳಗೆ ಕಾಲಿಟ್ಟರೆ ಎಲ್ಲೆಲ್ಲೂ ಅತ್ತರು. ಯಾರೂ ಅತ್ತದ್ದಲ್ಲ, ಸೀಸೆಯದು. ಗಂಡಸರು ವಾಚುಗಳ ಮುಂದೆ ಜಮಾಯಿಸಿದರು. "ಬಾತ್‌ರೂಮಿಗೆ ಹೋಗಿಬರ್ತೀನಿ" ಎಂದು ಅವಳು ನೆಲಮಾಳಿಗೆಗೆ ಇಳಿದಳು.

ಸುತ್ತಿಗೆ, ಗರಗಸ, ಡಬ್ಬಗಟ್ಟಲೆ ಸ್ಕ್ರೂ. ನಟ್ಟನಡುವೆ ಮೂರು ಬಾಗಿಲು, ಸುತ್ತ ಗೋಡೆಯೇ ಇಲ್ಲ. ನೆಲಕ್ಕೂ ಚಾವಣಿಗೂ ಕಚ್ಚಿಸಿದ ಕಬ್ಬಿಣದ ಕಂಬಗಳ ನಡುವೆ ಚೌಕಟ್ಟು, ಚೌಕಟ್ಟಿಗೆ ನಿಜವಾದ ಕದ, ಕದಕ್ಕೊಂದು ಬಗೆಯ ಚಿಲಕ. ಗಿರಾಕಿಗಳು ಹಾಕಿ ತೆಗೆದು ನೋಡಲೆಂದು. ಮೂರನೆಯದರ ಚಿಲಕ ಕಪ್ಪು ಉಕ್ಕಿನದು, ಹೆಬ್ಬೆರಳಿಗಿಂತ ದಪ್ಪ. ಹಾಕಿದಳು. ಟಕ್. ತೆಗೆದಳು. ಟಕ್. ಏಪ್ರನ್ ತೊಟ್ಟ ಮಾರಾಟದವಳು ನಕ್ಕು, ಅದೇ ನಮೂನೆಯ ಹೊಸ ಚಿಲಕವಿದ್ದ ಪೆಟ್ಟಿಗೆಯನ್ನು ಅವಳ ಕೈಗಿಟ್ಟಳು. ಇದು ತಡೆಯುತ್ತದೆಯೇ? ಅದನ್ನು ಯಾವ ಭಾಷೆಯಲ್ಲಿ ಕೇಳುವುದು?

"ಇದೇನೇ ನಿನ್ನ ಬಾತ್‌ರೂಮು?"

ಗಂಡ. ಹಿಂದೆಯೇ ನಿಂತಿದ್ದ.

"ಸ್ಟೋರ್ ರೂಮಿಗೆ ರೀ. ಇಲಿ ಕಾಟ."

"ಇಲಿ ಬಂದು ಬಾಗಿಲು ಬಡಿಯುತ್ತೇನೇ?" ಎಂದು ನಗುತ್ತಲೇ ಪೆಟ್ಟಿಗೆ ಕಿತ್ತುಕೊಂಡ. ವ್ಯಾಪಾರದವನ ಬೆರಳು ಸುಮ್ಮನಿರದೆ ಸ್ಕ್ರೂ ಒಂದನ್ನು ಎತ್ತಿ ಅಳತೆ ನೋಡಿತು. "ಎರಡೂವರೆ ಇಂಚು! ಆನೆ ತಡೆಯೋ ಮಾಲಿದು. ಇಲಿಗೆ ಯಾಕೆ..." ಮಾತು ಅಲ್ಲಿಗೇ ನಿಂತಿತು. ನಗುವೂ ನಿಂತಿತು. ಮೆಲ್ಲಗೆ, ಕೀರಲಾಗಿ ಅಂದ: "ಬೇಡ್ರೀ... ದಮ್ಮಯ್ಯ ಬೇಡ್ರೀ..."

ಏಟು ಬಿತ್ತು. ಅವಳ ತಲೆ ಕಪಾಟಿನ ಅಂಚಿಗೆ ಬಡಿದು ಹುಬ್ಬು ಸೀಳಿತು. ಸ್ಕ್ರೂ ಡಬ್ಬವೊಂದು ಉರುಳಿ ನೆಲದ ತುಂಬ ಚೆಲ್ಲಿತು.

"ನಿಮ್ಮಮ್ಮ ನಾವಿರೋ ಮನೇನ ನಿನ್ನ ಹೆಸರಿಗೆ ಬರೆದ್ಲು ಅಂತ ಸೊಕ್ಕಾ? ನನಗೇ ಚಿಲಕ ಹಾಕ್ತೀಯಾ?" ಜುಟ್ಟು ಹಿಡಿದು ಅದೇ ಅಂಚಿಗೆ ಇನ್ನೊಮ್ಮೆ ಜಜ್ಜಿದ. ಅವಳು ಅವನ ಮಣಿಕಟ್ಟಿಗೆ ಹಲ್ಲು ಊರಿದಳು. ಬಾಯಿಗೆ ರಕ್ತದ ರುಚಿ ಬಂತು, ಯಾರದೆಂದು ತಿಳಿಯಲಿಲ್ಲ. ಅವನ ಹಿಡಿತ ಸಡಿಲಿದ್ದೇ ಮೂರನೆಯ ಬಾಗಿಲಲ್ಲಿ ನುಸುಳಿ, ಕದವೆಳೆದು ಚಿಲಕ ಹಾಕಿಬಿಟ್ಟಳು.

ಪಕ್ಕಕ್ಕೆ ನಾಲ್ಕು ಹೆಜ್ಜೆ ಇಟ್ಟಿದ್ದರೆ ಅವನು ಸುತ್ತಿ ಬರಬಹುದಿತ್ತು. ಆದರೆ ಅವಳು ಮುಚ್ಚಿದ ಬಾಗಿಲು ಕಂಡರೆ ಅವನಿಗೆ ಬರುತ್ತಿದ್ದ ಕೆಲಸ ಒಂದೇ. ಒದ್ದ.

"ತೆಗೀತೀಯೋ ಇಲ್ವೋ!"

ಕದದ ಮುಂದಿನ ಕದನ ನೋಡಲು ಜನ ಓಡಿಬಂದರು. ಅವರಿಗೆ ಎರಡೂ ಕಡೆ ಕಾಣುತ್ತಿತ್ತು. ಅವಳು ನೋಡುತ್ತಿದ್ದದ್ದು ಚಿಲಕದ ನಾಲ್ಕು ಸ್ಕ್ರೂಗಳನ್ನು ಮಾತ್ರ. ಎರಡನೆಯ ಒದೆತ. ಒಂದೂ ಮಿಸುಕಲಿಲ್ಲ.

ಆಗ ಅವಳ ಗಂಟಲಿನಿಂದ, ಗಲ್ಲಾದ ಮುಂದೆ ಕೂತ ಅವನದೇ ಗೊಗ್ಗರು ದನಿ ಹೊರಟಿತು: "ಗ್ಯಾರಂಟಿ ಮಾಲು ಸಾರ್. ಬೇಕಾದ್ರೆ ಇನ್ನೊಂದ್ಸಲ ಒದ್ದು ನೋಡಿ!"

ಇಪ್ಪತ್ತು ವರ್ಷ ಅಣಕಿಸಿಕೊಂಡವಳಿಗೆ ಅಷ್ಟು ವಿದ್ಯೆ ಬಾರದೆ ಇರುತ್ತದೆಯೇ?

ಅವನು ಹಿಂದೆ ಸರಿದು ಓಡಿಬಂದು ಒದ್ದ. ಲಟಕ್ ಎಂದಿತು. ಮುರಿದದ್ದು ಚಿಲಕವಲ್ಲ. ಕುಸಿದು ಬಿದ್ದವನ ಪಾದ, ಪಾದ ತಿರುಗಬಾರದ ಕಡೆಗೆ ತಿರುಗಿತ್ತು.

ಅಷ್ಟಾದರೂ ಬಿಡಲಿಲ್ಲ. ಚೆಲ್ಲಿದ ಸ್ಕ್ರೂಗಳ ಮೇಲೆ ತೆವಳಿ, ಕೊನೆಗೂ ಬಾಗಿಲು ಸುತ್ತಿ ಬಂದು ಅವಳ ಕಾಲು ಹಿಡಿದು ಎಳೆದ. ಅವಳು ಕಪಾಟಿನಿಂದ ಸುತ್ತಿಗೆ ಎತ್ತಿ ಆ ಕೈಯ ಮೇಲೆ ಇಳಿಸಿದಳು. ಬೆರಳುಗಳು ಬಿಚ್ಚಿಕೊಂಡವು. ಎರಡನೆಯ ಏಟಿನ ಅಗತ್ಯವಿರಲಿಲ್ಲ. ಅದನ್ನೂ ಕೊಟ್ಟಳು.

ಕಾವಲುಗಾರ ಬಂದು ಅವಳ ಕೈಯಿಂದ ಸುತ್ತಿಗೆಯನ್ನು ಮೆಲ್ಲಗೆ ಬಿಡಿಸಿಕೊಂಡ. ಮಾರಾಟದವಳು ಅವನಿಗೆ, ಮೊದಲು ಹೊಡೆದದ್ದು ಯಾರೆಂದು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡು ತೋರಿಸಿದಳು. ಕಂಪನಿಯ ಮ್ಯಾನೇಜರು ಏದುಸಿರು ಬಿಡುತ್ತ ಇಳಿದು ಬಂದ.

"ಅಯ್ಯೋ ಅಕ್ಕಾ, ಮನೆ ವಿಷಯ ಮನೇಲೇ ಇಟ್ಕೋಬಾರ್ದಾ?"

"ಮನೇಲೇ ಇಟ್ಟಿದ್ದೆ ಕಣಪ್ಪಾ, ಇಪ್ಪತ್ತು ವರ್ಷ. ಇವರನ್ನ ಇಲ್ಲೇ ಆಸ್ಪತ್ರೆಗೆ ಸೇರಿಸು. ನಾಳೆ ವಿಮಾನಕ್ಕೆ ನಾನು ಹೊರಡ್ತೀನಿ."

ಹುಬ್ಬಿಗೆ ಸೆರಗು ಒತ್ತಿಕೊಂಡು ಅವಳು ಬಗ್ಗಿ, ಅವನ ಕೈಯಿಂದ ಬಿದ್ದಿದ್ದ ಚಿಲಕದ ಪೆಟ್ಟಿಗೆ ಎತ್ತಿಕೊಂಡಳು. ನೆಲದ ಮೇಲಿಂದ ಅವನು ಹಲ್ಲು ಕಚ್ಚಿ ಅಂದ: "ಹಾಕ್ಕೋ. ಕೋಣೆಗೆ ಹಾಕ್ಕೋ. ಎಷ್ಟು ದಿನ ಒಳಗೇ ಕೂತಿರ್ತೀಯೋ ನಾನೂ ನೋಡ್ತೀನಿ."

"ಕೋಣೆಗೆ ಅಂತಾನೇ ಬಂದಿದ್ದೆ ರೀ," ಎಂದಳು ಅವಳು. "ಈಗ ಬೀದಿ ಬಾಗಿಲಿಗೆ ಹಾಕಿಸ್ತೀನಿ."